ವಿಭವನ ಕೊನೆಯ ಸಾಹಸ

ಬಾಲ ಗೂಢಚಾರ ವಿಭವನ ಕತೆಗಳನ್ನು ವರ್ಷಗಟ್ಟಲೆ ಬರೆದು ಬರೆದು ಉಡುಪರಿಗೆ ಸಾಕಾಗಿತ್ತು. ಕೊನೆಯ ಪುಸ್ತಕದಲ್ಲಿ ಅವನನ್ನು ಸಾಯಿಸಿ ಅಚ್ಚಿಗೆ ಕೊಟ್ಟಿದ್ದರು. ಅದು ಹೊರಬರುವ ಮೊದಲೇ ಒಬ್ಬ ತಾಯಿ ಅವರನ್ನು ಹುಡುಕಿಕೊಂಡು ಬಂದಳು.

"ಮಗಳು ಆಸ್ಪತ್ರೇಲಿದ್ದಾಳೆ ಸರ್. ಪುಸ್ತಕ ಬರೋವರೆಗೂ ಇರಲ್ಲ ಅಂದಿದ್ದಾರೆ ಡಾಕ್ಟರು. ಕೊನೇ ಕತೆ ನೀವೇ ಬಂದು ಹೇಳ್ತೀರಾ? ಅವಳಿಗೆ ತನ್ನ ವಿಷಯ ಏನೂ ಗೊತ್ತಿಲ್ಲ."

ಮರುದಿನ ಬೆಳಿಗ್ಗೆಯೇ ಉಡುಪರು ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕುಳಿತರು. ಪುಟ್ಟ ಸಿಂಚನಾ ಎಳನೀರು ಬೇಕೆಂದು ಅಮ್ಮನನ್ನು ಹೊರಗೆ ಕಳಿಸಿ, ಮೆಲ್ಲಗೆ ಕೇಳಿದಳು.

"ಅಂಕಲ್, ಕೊನೇಲಿ ವಿಭವ ಸಾಯ್ತಾನಾ?"

ಉಡುಪರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇಲ್ಲ ಪುಟ್ಟಾ. ಶತ್ರುಗಳ ಕೈಯಿಂದ ತಪ್ಪಿಸಿಕೊಂಡು ಮನೆಗೆ ಬರ್ತಾನೆ. ಅವನ ಅಮ್ಮ ಬಾಗಿಲಲ್ಲೇ ಕಾಯ್ತಿರ್ತಾಳೆ."

"ಪುಸ್ತಕದಲ್ಲೂ ಹಾಗೇ ಇರತ್ತಾ?"

ಅಚ್ಚು ನಿಲ್ಲಿಸಿಯಾದರೂ ಸರಿ, ಬದಲಿಸಲೇಬೇಕು ಎಂದುಕೊಂಡರು ಉಡುಪರು. "ಹಾಗೇ ಇರತ್ತೆ. ಯಾಕಮ್ಮಾ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಯಾವಾಗ್ಲೂ ನಾವಿಬ್ರೂ ಒಟ್ಟಿಗೇ ಓದೋದು. ಈ ಸಲ ಅಮ್ಮ ಒಬ್ಳೇ ಓದ್ಬೇಕಲ್ಲ."