ಎಂಟು ಜನರಲ್ಲಿ ಒಬ್ಬ

“ನಿಮ್ಮ ಎಂಟು ಜನರಲ್ಲಿ ಒಬ್ಬರು ಇದನ್ನ ಮುಟ್ಟಲೇಬಾರದು,” ಎಂದಳು ಡಾಕ್ಟರ್ ಅರ್ಗಿರೋ, ರಾಕಿ ಸಾರಾಯಿಯ ಶೀಶೆಯನ್ನು ಪಕ್ಕಕ್ಕೆ ಸರಿಸುತ್ತ. “ಅವರ ಲಿವರಿನಲ್ಲಿ ಕಬ್ಬಿಣ ತುಂಬ್ಕೋತಾ ಇದೆ. ಈಗಲೇ ಔಷಧ ಮಾಡಿದ್ರೆ ಉಳೀತಾರೆ.”

“ಯಾರು?” ಎಂದ ಮುದುಕ ಸಿಫಿಸ್.

“ಗೊತ್ತಿಲ್ಲ ಮಾಮ.”

ಕಳೆದ ವರ್ಷ ಇದೇ ಕಾಫಿ ಅಂಗಡಿಯಲ್ಲಿ ಅವಳು ಸಂಶೋಧನೆಗೆಂದು ಇವರ ರಕ್ತ ತೆಗೆದಿದ್ದಳು. ಹೆಸರು ಉಳಿಯಬಾರದೆಂದು ವಿಶ್ವವಿದ್ಯಾಲಯದ ನೀತಿ ಸಮಿತಿ ಕಟ್ಟಪ್ಪಣೆ ಮಾಡಿತ್ತು. ರಕ್ತದಲ್ಲಿ ದೋಷವಿದೆಯೆಂಬ ಸುದ್ದಿ ಹಬ್ಬಿದರೆ ಗ್ರೀಸಿನ ಕ್ರೀಟ್ ದ್ವೀಪದ ಈ ಬೆಟ್ಟದೂರುಗಳಲ್ಲಿ ಆ ಮನೆಯ ಹೆಣ್ಣನ್ನು ಯಾರೂ ತಂದುಕೊಳ್ಳುವುದಿಲ್ಲ. ಹೆಸರುಗಳನ್ನು ಅರ್ಗಿರೋ ತಾನೇ ಅಳಿಸಿದ್ದಳು. ಎಲ್ಲರಿಗೂ ಒಟ್ಟಿಗೆ ತಿಳಿಸಿ ಮತ್ತೊಮ್ಮೆ ರಕ್ತ ಕೇಳಲು ಸಮಿತಿ ಈಗ ಒಪ್ಪಿತ್ತು. ಅವಳು ಸೂಜಿಯ ಪೆಟ್ಟಿಗೆ ತೆರೆದಳು.

“ಎಲ್ಲರೂ ಇನ್ನೊಂದ್ಸಲ ಕೊಡಿ. ಅವರವರ ವಿಷಯ ಅವರವರಿಗೆ ಮಾತ್ರ ಹೇಳ್ತೀನಿ.”

ಯಾರೂ ಅಂಗಿಯ ತೋಳು ಮೇಲೇರಿಸಲಿಲ್ಲ.

“ಆಮೇಲೆ ಕುಡಿಯೋದು ಬಿಟ್ಟವನೇ ರೋಗಿ ಅಂತ ಇಡೀ ಊರಿಗೆ ತಿಳಿಯತ್ತಲ್ಲ, ಡಾಕ್ಟ್ರಮ್ಮ,” ಎಂದ ಸಿಫಿಸ್ ಮೆಲ್ಲಗೆ. “ನನಗೆ ಮದುವೆಗೆ ಬಂದ ಮೊಮ್ಮಗಳಿದ್ದಾಳೆ.”

“ಸ್ಟ್ರಾಟಿಸ್ಸೇ ಇರ್ಬೇಕು ಬಿಡಿ,” ಎಂದ ಪಕ್ಕದ ಕುರಿಗಾಹಿ. “ಮುಖ ನೋಡಿ, ತುಕ್ಕು ಹಿಡಿದ ಬಾಗಿಲಿದ್ದಂಗಿದೆ.”

ಎಲ್ಲರೂ ನಕ್ಕರು. ಎದುರಿಗೆ ಕೂತಿದ್ದ ಸ್ಟ್ರಾಟಿಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಅರ್ಗಿರೋ ಒಂದೊಂದೇ ಮುಖವನ್ನು ನೋಡುತ್ತ ಬಂದಳು. ರೋಗ ಯಾರಿಗೆಂದು ಮುಖ ನೋಡಿ ತಿಳಿಯುವಂತಿರಲಿಲ್ಲ.

ಸಿಫಿಸ್ ಎಲ್ಲರ ಲೋಟಕ್ಕೂ ರಾಕಿ ಸುರಿದ.

“ಪಾಪ, ಅವನು ಯಾರೋ ಏನೋ,” ಎಂದ. “ಅವನ ಆರೋಗ್ಯಕ್ಕೆ.”

ಎಂಟು ಲೋಟಗಳು ಒಂದಕ್ಕೊಂದು ತಾಗಿದವು.