ವೈರಿ ಊರಿನ ಜೆರ್ಸಿ

ಶುಕ್ರವಾರ ಬೆಳಿಗ್ಗೆ ಎನಿಡ್ ತನ್ನ ಹಿತ್ತಲಿನ ತಂತಿಗೆ ಮಾರ್ಡನ್ ಫುಟ್‌ಬಾಲ್ ತಂಡದ ನೀಲಿ-ಬಿಳಿ ಜೆರ್ಸಿಯನ್ನು ಒಣಹಾಕುತ್ತಿದ್ದದ್ದು ಮೊದಲು ಕಣ್ಣಿಗೆ ಬಿದ್ದದ್ದು ಹಿಂದಿನ ಸಾಲಿನ ಮನೆಯ ಜೆನೆಟ್‌ಗೆ.

"ಅಯ್ಯೋ ಎನಿಡ್! ಪಕ್ಷ ಬದಲಾಯಿಸಿಬಿಟ್ಯೇನೇ?"

"ಸುಮ್ನಿರೇ. ವಿಲ್ಫ್‌ದು. ಕೈ ಮುರ್ಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡಿದಾನೆ, ಇನ್ಯಾರು ಒಗೀತಾರೆ?"

"ಆದ್ರೂ ಹೆಲ್ಶಾ ಊರಲ್ಲಿ, ಅದೂ ನಿನ್ನ ತಂತಿ ಮೇಲೆ! ಸ್ಟ್ಯಾನ್ಲಿ ನೋಡಿದ್ರೆ ಗೋರಿಯಿಂದ ಎದ್ದು ಬರ್ತಿದ್ದ."

"ಬರಲಿ ಬಿಡು. ಬಂದ್ರೆ ಒಂದು ಟೀ ಮಾಡ್ಕೊಡ್ತೀನಿ" ಎಂದು ಎನಿಡ್ ಕ್ಲಿಪ್ಪು ಸಿಕ್ಕಿಸಿದಳು.

ಜೆನೆಟ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಲ್ಶಾದ ಬಣ್ಣ ಕಡುಗೆಂಪು-ಹಳದಿ. ಗುಡ್ಡದ ಆಚೆಗಿನ ಮಾರ್ಡನ್‌ನದು ನೀಲಿ-ಬಿಳಿ. ಎನಿಡ್‌ಳ ಗಂಡ ಸ್ಟ್ಯಾನ್ಲಿ ಬದುಕಿದ್ದಷ್ಟು ದಿನ ಮನೆಯೊಳಗೆ ನೀಲಿ ಬಟ್ಟಲು ಕೂಡ ಬರಗೊಟ್ಟವನಲ್ಲ. ಅಂಥವನ ಪಕ್ಕದ ಮನೆಗೇ ಬಂದು ಸೇರಿದ್ದ ವಿಲ್ಫ್, ವಯಸ್ಸಿನಲ್ಲಿ ಮಾರ್ಡನ್ ಪರ ಆಡಿದವನು. ಮದುವೆಯಾದದ್ದು ಹೆಲ್ಶಾದ ಹುಡುಗಿಯನ್ನು. ಹೆಂಡತಿ ತೀರಿಕೊಂಡ ಮೇಲೂ ಅವನು ಊರಿಗೆ ಹಿಂತಿರುಗಲಿಲ್ಲ. ಭಾನುವಾರ ಬಂತೆಂದರೆ ಹಿತ್ತಲ ಗೋಡೆಯ ಆಚೆ ಅವನು, ಈಚೆ ಇವಳು, ಹಿಂದಿನ ದಿನದ ಪಂದ್ಯ ಹಿಡಿದು ಜಗಳ. ಆ ಜಗಳವಿಲ್ಲದಿದ್ದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ.

ಶನಿವಾರ ಮಾರ್ಡನ್‌ನಲ್ಲಿ ಎರಡೂ ಊರುಗಳ ಪಂದ್ಯ. ಮಾರ್ಡನ್ ಕ್ಲಬ್ಬಿಗೆ ನೂರು ವರ್ಷ ತುಂಬಿತೆಂದು ವಿರಾಮದ ಹೊತ್ತಿನಲ್ಲಿ ಹಳೆಯ ಆಟಗಾರರನ್ನು ಮೈದಾನಕ್ಕೆ ಕರೆಯುವವರಿದ್ದರು. ಅವರಿಗೆಂದು ಹಳೇ ಮಾದರಿಯ ಹೊಸ ಜೆರ್ಸಿಗಳೂ ಬಂದಿದ್ದವು. ವಿಲ್ಫ್ ತನ್ನದನ್ನು ತಂದು ಎನಿಡ್‌ಳ ಅಡಿಗೆಮನೆಯ ಮೇಜಿನ ಮೇಲೆ ಎಸೆದಿದ್ದ.

"ನೋಡು, ಹಳೇ ಕಾಲದ್ದಂತೆ! ಇದು ನೀಲಿನಾ? ಬಚ್ಚಲುಮನೆ ಟೈಲ್ಸ್ ಬಣ್ಣ. ಮೈಗೆ ಹಾಕ್ಕೊಂಡ್ರೆ ಪ್ಲಾಸ್ಟಿಕ್ ಚೀಲದೊಳಗೆ ಹೊಕ್ಕಂಗಾಗುತ್ತೆ. ನಾವು ಕಾಲರ್ ಹಾಕಿದ್ದೇ ಇಲ್ಲ ಕಣಮ್ಮಾ, ದುಂಡು ಕತ್ತು ನಮ್ದು."

ಆಮೇಲೆ ಕಂಕುಳಿಂದ ಇನ್ನೊಂದನ್ನು ತೆಗೆದಿದ್ದ. ದಪ್ಪ ಹತ್ತಿಯದು, ಮಾಸಿದ ನೀಲಿಯದು. ನುಸಿಗುಳಿಗೆಯ ವಾಸನೆ. ತೋಳಿನ ಬುಡದಲ್ಲಿ ಒಂದು ತೂತು.

"ಇದನ್ನೇ ಹಾಕ್ಕೋಬೇಕು ಅಂತ ಆಸೆ. ಒಗೆದು ಕೊಡ್ತೀಯಾ?"

ಇಷ್ಟು ವರ್ಷಗಳಲ್ಲಿ ವಿಲ್ಫ್ ಅವಳ ಹತ್ತಿರ ಏನನ್ನೂ ಕೇಳಿದವನಲ್ಲ. ಎನಿಡ್ ಇಲ್ಲವೆನ್ನಲಾರದೆ ಹೋದಳು. ನೀಲಿ ಎಲ್ಲಿ ಬಿಳಿ ಪಟ್ಟೆಗೆ ಇಳಿದುಬಿಡುತ್ತದೋ ಎಂದು ತಣ್ಣೀರಿಗೆ ವಿನೆಗರ್ ಬೆರೆಸಿ, ಉಸಿರು ಬಿಗಿಹಿಡಿದು ಕೈಯಲ್ಲೇ ಒಗೆದಳು. ಬಣ್ಣ ಬಿಡಲಿಲ್ಲ.

ಸಂಜೆ ತೂತು ಹೊಲಿಯಲು ಕೂತಾಗ ಮನೆಯಲ್ಲಿ ನೀಲಿ ದಾರವೇ ಇರಲಿಲ್ಲ. ಅಂಗಡಿ ತೆರೆದೇ ಇತ್ತು, ಹೋಗಬಹುದಿತ್ತು. ಆದರೆ ಕೈ ಕಡುಗೆಂಪು ದಾರದ ಉಂಡೆಯತ್ತ ಹೋಯಿತು. ಒಳಗೊಳಗೇ ನಗುತ್ತ, ಒತ್ತೊತ್ತಾಗಿ, ಚೆಂದವಾಗಿ ಹೊಲಿದಳು.

ಹೊಲಿದು ಮುಗಿಯುವ ಹೊತ್ತಿಗೆ ಬಂದ ವಿಲ್ಫ್ ಜೆರ್ಸಿಯನ್ನು ಬೆಳಕಿಗೆ ಹಿಡಿದ.

"ಎನಿಡ್, ಇದೇನಿದು? ಕಡುಗೆಂಪು!"

"ಕಂಕುಳಲ್ಲಿ ಯಾರು ನೋಡ್ತಾರಯ್ಯಾ?"

"ನಂಗೆ ಗೊತ್ತಿರುತ್ತಲ್ಲ. ಇಂಥದ್ದನ್ನೇ ಹಾಕ್ಕೊಂಡು ನನ್ನ ಜೊತೆ ಆಡಿದೋರಲ್ಲಿ ನಾಲ್ಕು ಜನ ಈಗಿಲ್ಲ. ತಮಾಷೆಗೆ ನಿಂಗೆ ಇದೇ ಸಿಕ್ತಾ?"

ಅವನ ದನಿಯಲ್ಲಿ ಭಾನುವಾರದ ಜಗಳ ಇರಲಿಲ್ಲ. ಎನಿಡ್‌ಳ ನಗು ಅಲ್ಲೇ ಇಂಗಿತು.

"ಕೊಡೋ ಇಲ್ಲಿ, ಬಿಚ್ಚಿ ಹೊಲ್ಕೊಡ್ತೀನಿ. ಈಗ್ಲೇ ಹೋಗಿ ನೀಲಿ ದಾರ ತರ್ತೀನಿ."

"ಬೇಡ ಬಿಡು. ಆ ಪ್ಲಾಸ್ಟಿಕ್ಕನ್ನೇ ಹಾಕ್ಕೊಳ್ತೀನಿ."

ಜೆರ್ಸಿಯನ್ನು ಒಂದೇ ಕೈಯಲ್ಲಿ ಮುದುರಿಕೊಂಡು ಹೊರಟ. ಬಾಗಿಲನ್ನು ದಡಾರನೆ ಹಾಕಿದ್ದರಾದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ, ಅವನು ಮೆತ್ತಗೆ ಎಳೆದುಕೊಂಡು ಹೋದ.

ಮಾರನೆಯ ದಿನ ಅವಳಿಗಾಗಿ ಕಾಯದೆ ವಿಲ್ಫ್ ಮೊದಲಿನ ಬಸ್ಸಿಗೇ ಹೋಗಿಬಿಟ್ಟಿದ್ದ. ಎನಿಡ್ ಹೆಲ್ಶಾದವರ ಕಡೆಯ ಗ್ಯಾಲರಿಯಲ್ಲಿ, ಕುತ್ತಿಗೆಗೆ ಕಡುಗೆಂಪು-ಹಳದಿ ಮಫ್ಲರ್ ಸುತ್ತಿಕೊಂಡು, ಮಂಕಾಗಿ ಕೂತಳು. ತನ್ನವರು ಗೋಲು ಹೊಡೆದಾಗಲೂ ಎಲ್ಲರೂ ಎದ್ದರಲ್ಲಾ ಎಂದು ತಾನೂ ಎದ್ದಳು, ಅಷ್ಟೆ.

ವಿರಾಮದಲ್ಲಿ ಮುದುಕರು ಸಾಲಾಗಿ ಬಂದರು. ಕಾಲರಿನ ಹೊಸ ಜೆರ್ಸಿಗಳು ಮಿರಮಿರ ಮಿಂಚುತ್ತಿದ್ದವು. ಒಂದು, ಇನ್ನೊಂದು, ಮತ್ತೊಂದು. ಸಾಲಿನ ಕೊನೆಗೆ, ಮಾಸಿದ ನೀಲಿಯ, ದುಂಡು ಕತ್ತಿನ ಒಂದೇ ಒಂದು. ಅದರ ತೋಳಿನಿಂದ ಪ್ಲಾಸ್ಟರ್ ಹಾಕಿದ ಕೈ ಬೆಳ್ಳಗೆ ಹೊರಗೆ ಚಾಚಿತ್ತು.

ಹೆಲ್ಶಾದವರು ವಾಡಿಕೆಯಂತೆ ಹೋ ಎಂದು ಕೂಗಿ ಹೀಯಾಳಿಸತೊಡಗಿದರು. ಆ ಗದ್ದಲದ ನಡುವೆ ಎನಿಡ್ ಎದ್ದು ನಿಂತು ಅಂಗೈ ಉರಿಯುವಂತೆ ಚಪ್ಪಾಳೆ ತಟ್ಟಿದಳು.

"ಏನಮ್ಮಾ ಇದು, ಅವ್ರು ಮಾರ್ಡನ್ನೋರು!" ಎಂದ ಪಕ್ಕದವನು.

"ಗೊತ್ತು."

ಅವನು ಅವಳ ಮುಖ ನೋಡಿದ. ಅವಳ ಕಣ್ಣು ನೆಟ್ಟಲ್ಲಿಗೇ ತಾನೂ ನೋಡಿದ. ದನಿ ತಗ್ಗಿಸಿ ಕೇಳಿದ: "ಆ ಕೊನೇಲಿರೋರು... ನಿಮ್ಮನೆಯವ್ರಾ?"

"ಆ ಜೆರ್ಸಿ ಹಾಕ್ಕೊಂಡೋನು ನಮ್ಮನೆಯೋನಾ? ಥೂ!" ಎಂದಳು ಎನಿಡ್, ಚಪ್ಪಾಳೆ ನಿಲ್ಲಿಸದೆ. "ಪಕ್ಕದ ಮನೆಯೋನು."