ಒಡೆಯದ ಮಡಕೆ

ಕಾರವಾರದ ಟ್ರಾವೆಲ್ಸ್ ಅಂಗಡಿಯವನು ಮೇಜಿನ ಮೇಲೆ ಎರಡು ಬಣ್ಣದ ಹಾಳೆ ಹರಡಿದ. ಎರಡೂ ಗೋವಾದ ಒಂದು ದಿನದ ಪ್ರವಾಸ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು. ಒಂದರಲ್ಲಿ ವಿಸ್ಕಿ ಕಾರ್ಖಾನೆ: ಫಳಫಳ ಹೊಳೆಯುವ ಉಕ್ಕಿನ ಟ್ಯಾಂಕು, ಸಾಲು ಸಾಲು ಮರದ ಪೀಪಾಯಿ, ಬಿಳಿ ಟೋಪಿ ಹಾಕಿದ ಕೆಲಸದವರು. ಇನ್ನೊಂದರಲ್ಲಿ ಗೇರು ಹಣ್ಣಿನ ಫೆನ್ನಿ ಇಳಿಸುವ ಒಂದು ಗುಡಿಸಲು, ಒಲೆಯ ಮೇಲೆ ಮಸಿ ಹಿಡಿದ ಮಡಕೆ.

"ವಿಸ್ಕಿದು ಬರೀರಿ," ಅಂದ ಬೊಮ್ಮಯ್ಯ. ಅಬಕಾರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗಾರ್ಡ್ ಆಗಿದ್ದು, ಹಿಂದಿನ ತಿಂಗಳಷ್ಟೇ ನಿವೃತ್ತನಾದವನು. ಅಂಕೋಲೆಯ ಹೊಳೆದಂಡೆಗಳಲ್ಲಿ ಅಡಗಿಸಿಟ್ಟ ಕಳ್ಳಭಟ್ಟಿಯನ್ನು ವಾಸನೆಯಲ್ಲೇ ಪತ್ತೆ ಹಚ್ಚಿ, ಬೂಟುಗಾಲಲ್ಲಿ ಒದ್ದು ಪುಡಿ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂಬುದು ಇಡೀ ಇಲಾಖೆಯಲ್ಲಿ ಅವನೊಬ್ಬನ ಅಭಿಪ್ರಾಯವಾಗಿತ್ತು.

"ಬೇಡ. ಮಡಕೆದಕ್ಕೇ ಹೋಗ್ವಾ," ಅಂದಳು ಹೆಂಡತಿ ಹೀರಾ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಸೀರೆಯ ಬಣ್ಣವನ್ನೂ ಅವನಿಗೇ ಬಿಟ್ಟವಳು.

"ಭಟ್ಟಿ ಕಾಣೂಕೆ ಗೋವಾಕ್ಕೆ ಹೋಗ್ಬೇಕಾ? ನಾ ಕಂಡಷ್ಟು ಭಟ್ಟಿ ಈ ಜಿಲ್ಲೆಲಿ ಯಾರೂ ಕಂಡಿಲ್ಲ."

"ನೀವು ಕಂಡದ್ದು ಒಡೂಕೆ. ಒಂದಾದ್ರೂ ಕಡೀತನಕ ಬೆಂದದ್ದು ಕಂಡೀರಾ? ನಂಗೆ ಅದನ್ನೇ ಕಾಣ್ಬೇಕು, ಬೇರೆ ಎಂತದೂ ಬೇಡ."

ಅಂಗಡಿಯವನು ಫ್ಯಾನು ನೋಡತೊಡಗಿದ. ಹೀರಾ ಮಡಕೆಯ ಹಾಳೆಯ ಮೇಲಿಟ್ಟ ಬೆರಳನ್ನು ತೆಗೆಯಲೇ ಇಲ್ಲ.

ಮರುದಿನ ಗುಡ್ಡದ ಗುಡಿಸಲಿನಲ್ಲಿ ಹತ್ತು ಹನ್ನೆರಡು ಪ್ರವಾಸಿಗರ ನಡುವೆ ಇಬ್ಬರೂ ನಿಂತಿದ್ದರು. ಹುಳಿ ಬಂದ ಗೇರು ರಸದ ನಾತ ಮೂಗಿಗೆ ಹೊಡೆದಾಗ ಬೊಮ್ಮಯ್ಯನ ಬಲಗಾಲು ಹಳೆಯ ಅಭ್ಯಾಸದಂತೆ ಒಂದು ಹೆಜ್ಜೆ ಮುಂದಿಟ್ಟಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ. ಒಲೆ ಉರಿಯುತ್ತಿತ್ತು. ಮಡಕೆಯ ಕುತ್ತಿಗೆಯಿಂದ ಹೊರಟ ಕೊಳವೆ ನೀರಿನ ತೊಟ್ಟಿಯೊಳಗೆ ಮುಳುಗಿ ಆಚೆ ಎದ್ದಿತ್ತು. ಅದರ ತುದಿಯನ್ನೇ ಎಲ್ಲರೂ ನೋಡುತ್ತಿದ್ದರು. ಅರ್ಧ ಗಂಟೆಯಾಗಿರಬೇಕು, ಅಲ್ಲಿ ಒಂದು ಹನಿ ಕಾಣಿಸಿಕೊಂಡಿತು. ತುಂಬಿಕೊಂಡು, ತೂಗಿ, ಬಿತ್ತು.

ಬೊಮ್ಮಯ್ಯ ಉಸಿರು ಬಿಡುವುದನ್ನು ಮರೆತ. ಹಾಗೆ ನಾರುತ್ತಿದ್ದ ರಸ ಬೆಂಕಿಗೆ ಹಬೆಯಾಗಿ, ತಣ್ಣೀರಿಗೆ ತಾಗಿ, ಇಷ್ಟು ತಿಳಿಯಾಗಿ ಇಳಿಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪಂಚನಾಮೆಯಲ್ಲಿ ನೂರು ಸಲ ಬರೆದಿದ್ದ. ಕಣ್ಣಾರೆ ಕಂಡದ್ದು ಇದೇ ಮೊದಲು. ಎರಡನೇ ಹನಿ ಬಿತ್ತು, ಮೂರನೆಯದು ಬಿತ್ತು. ಬೆಂಕಿ, ನೀರು, ಮಡಕೆ ಮೂರನ್ನೇ ಇಟ್ಟುಕೊಂಡು ಮನುಷ್ಯ ಇದನ್ನು ಹೇಗೆ ಕಂಡುಹಿಡಿದನೋ ಎಂದು ಅವನಿಗೆ ಮೈ ಜುಮ್ಮೆಂದಿತು. ತಾನು ಯಾವಾಗ ಚಪ್ಪಲಿ ಕಳಚಿ ಬದಿಗಿಟ್ಟನೋ ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಹೀರಾ ಒಲೆಯ ಹತ್ತಿರ ಹೋಗಿ ಕೊಳವೆಯ ತುದಿಗೆ ಅಂಗೈ ಒಡ್ಡಿದ್ದಳು. ಹನಿಯನ್ನು ತಿಕ್ಕಿ ಮೂಸಿ, ಭಟ್ಟಿಯ ಮುದುಕನಿಗೆ ಕೊಂಕಣಿಯಲ್ಲಿ ಹೇಳಿದಳು: "ಬೆಂಕಿ ಜೋರಾಯ್ತು. ಒಂದು ಕೊಳ್ಳಿ ತೆಗೀರಿ, ಇಲ್ದಿದ್ರೆ ತಳ ಹಿಡೀತದೆ."

ಮುದುಕ ತಾನೂ ಒಂದು ಹನಿ ಮೂಸಿದ. ಒಲೆಯಿಂದ ಒಂದು ಕೊಳ್ಳಿ ಎಳೆದ. ತಾನು ಕೂತಿದ್ದ ಮಣೆಯನ್ನು ಅವಳತ್ತ ಸರಿಸಿ, "ನೀ ಯಾರ ಮಗಳು?" ಎಂದು ಕೇಳಿದ.

"ಅಂಕೋಲೆ ಕಡೆ ಮಂಜಗುಣಿ ಊರಿನ ತಿಮ್ಮಿ ಮಗಳು."

ತಿಮ್ಮಿ ಎಂದರೆ ಬೊಮ್ಮಯ್ಯನ ಅತ್ತೆ. ತೀರಿಕೊಂಡು ಮೂರು ವರ್ಷವಾಗಿತ್ತು. ವಾಪಸು ಬರುವ ವ್ಯಾನಿನಲ್ಲಿ ಬೊಮ್ಮಯ್ಯ ಕೇಳಿದ.

"ಅತ್ತೆ ಭಟ್ಟಿ ಇಟ್ಟಿದ್ರಾ?"

"ಹಿತ್ತಲಲ್ಲಿ. ಅಪ್ಪ ಹೋದ ಮೇಲೆ ನಾವು ನಾಕು ಹೆಣ್ಣುಮಕ್ಕಳ ಹೊಟ್ಟೆಗೆ ಅದೇ ಅಲ್ದಾ?"

"ಮದ್ವೆ ಆದ ಮೇಲೆ ನಾ ಎಷ್ಟು ಸಲ ಅಲ್ಲಿಗೆ ಊಟಕ್ಕೆ ಬಂದಿದ್ದೆ."

"ನೀವು ಬಂದ ದಿನವೇ ಅವ್ವಿ ಬೆಂಕಿ ಹಾಕೂದು. ನಿಮ್ಮ ಸೈಕಲ್ ಅಂಗಳದಲ್ಲಿ ಕಂಡ್ರೆ ನಿಮ್ಮ ಇಲಾಖೆ ಜೀಪು ನಮ್ಮ ದಾರಿ ಹಿಡೀತಿರ್ಲಿಲ್ಲ. ಅಳಿಯ ಅಂದ್ರೆ ಜಗಲಿ ಬಿಟ್ಟು ಹಿತ್ತಲಿಗೆ ಹೋಗೂ ಜನ ಅಲ್ಲ."

"ನನ್ನ ಮೂಗು?"

"ಅದ್ಕೇ ಅಷ್ಟೊಂದು ಬಂಗಡೆ ಹುರೀತಿದ್ಲು."

ಬೊಮ್ಮಯ್ಯ ಸಿಟ್ಟು ಬರಲೆಂದು ಕಾದ. ಬರಬೇಕಾದ ಸಿಟ್ಟೇ ಅದು. ವ್ಯಾನು ಕಾಳಿ ನದಿಯ ಸೇತುವೆ ಹತ್ತಿತು, ಸಿಟ್ಟಿನ ಸುಳಿವಿಲ್ಲ. ಒಂದು ಕಡೆ ಮೀನು, ಒಂದು ಕಡೆ ಭಟ್ಟಿ, ಜಗಲಿಯಲ್ಲಿ ಬಡಿಸಿಕೊಳ್ಳುತ್ತಿರುವ ಅಬಕಾರಿ ಅಳಿಯ. ಮೂರರಲ್ಲಿ ಒಂದೂ ಸೀಯದ ಹಾಗೆ ಸೆರಗು ಸಿಕ್ಕಿಸಿ ಓಡಾಡಿದ ಆ ಸಣ್ಣ ಹೆಂಗಸು ಅವನ ಕಣ್ಣೆದುರು ಬಂದಳು. ಗುಡಿಸಲಿನಲ್ಲಿ ಮೊದಲ ಹನಿ ಬಿದ್ದಾಗ ಜುಮ್ಮೆಂದ ಮೈ ಮತ್ತೆ ಜುಮ್ಮೆಂದಿತು.

"ಅವ್ರಿಗೆ ನನ್ನ ಹೆದ್ರಿಕೆ ಇರ್ಲಿಲ್ವಾ?"

"ಇತ್ತು," ಅಂದಳು ಹೀರಾ, ಕಿಟಕಿಯಾಚೆ ಹೊಳೆ ನೋಡುತ್ತ. "ಆದ್ರೆ ಹಾಸಿಗೆ ಹಿಡ್ದ ಮೇಲೆ ದಿನಾ ಒಂದೇ ಮಾತು. ಅಳಿಯಂಗೆ ಒಂದು ಸಲ ಹಿತ್ತಲಿಗೆ ಕರ್ಕಂಡು ಹೋಗಿ ತೋರಿಸ್ಬೇಕಿತ್ತು, ಈ ಕೆಲಸದ ಬೆಲೆ ತಿಳಿಯೂದು ನಮ್ಮನೇಲಿ ಅವ್ರೊಬ್ರಿಗೇ ಅಂತ."